ಮೇಳಗಾನದ ಮುಂದಾಳು

ರೇಡಿಯೋದಲ್ಲಿ ಸಮೂಹಗಾನವೊಂದು ಬರುತ್ತಿರುವಾಗ ನಮ್ಮ ಕಿವಿಗೆ ಬೀಳುವುದು ಹತ್ತೋ ಹನ್ನೆರಡೋ ಕಂಠಗಳು. ಆ ಕಂಠಗಳನ್ನೆಲ್ಲ ಒಂದೇ ಗಳಿಗೆಯಲ್ಲಿ ಎಬ್ಬಿಸಿ, ಒಂದೇ ಗಳಿಗೆಯಲ್ಲಿ ನಿಲ್ಲಿಸುವ ಒಬ್ಬರು ಅವರೆದುರಿಗೆ ನಿಂತಿರುತ್ತಾರೆ. ಅವರು ಕೈಯಾಡಿಸುತ್ತಾರೆ, ಕಣ್ಣಿನಿಂದ ಸನ್ನೆ ಮಾಡುತ್ತಾರೆ, ಹಾಡುವವರೊಡನೆ ತಾವೂ ಉಸಿರೆಳೆಯುತ್ತಾರೆ, ಆದರೆ ಹಾಡುವುದಿಲ್ಲ. ಆಡಿಸಿದ ಕೈಯ ಸದ್ದನ್ನು ಧ್ವನಿಗ್ರಾಹಕ ಯಂತ್ರ ಹಿಡಿಯಲಾರದು. ಹೀಗಾಗಿ ಕೇಳುವ ನಮಗೆ ಅವರು ಇದ್ದೂ ಇಲ್ಲದವರು. ಅವರ ಕೆಲಸವೇನು, ಆ ಕೆಲಸದ ಮರ್ಮವೇನು, ನಮ್ಮೂರಿನ ಭಜನಾಮಂದಿರಕ್ಕೂ ಶಾಲೆಯ ಪ್ರಾರ್ಥನೆಗೂ ಅದು ಹೇಗೆ ಸಲ್ಲುತ್ತದೆ ಎಂಬುದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಂಡುಬಿಡಬೇಕು. ನಾನು ಸಂಗೀತ ವಿದ್ವಾಂಸನಲ್ಲ. ಕನ್ನಡ ಪಂಡಿತ ತರಬೇತಿ ಮುಗಿಸಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನ ಪ್ರೌಢಶಾಲೆಗಳಲ್ಲಿ ಪಾಠ ಹೇಳುತ್ತ ಮೂವತ್ತು ವರ್ಷಗಳ ಸಮೀಪಕ್ಕೆ ಬಂದವನು. ಶಾಲೆಗಳಲ್ಲಿ ಒಂದು ನಂಬಿಕೆಯುಂಟು: ಷಟ್ಪದಿಯನ್ನು ರಾಗವಾಗಿ ಓದಬಲ್ಲ ಕನ್ನಡ ಮಾಷ್ಟ್ರು ಸಮೂಹಗಾನವನ್ನೂ ಕಲಿಸಬಲ್ಲರು ಎಂದು. ಆ ನಂಬಿಕೆಯ ಫಲವಾಗಿ ನಾನು ಹೋದ ಶಾಲೆಗಳಲ್ಲೆಲ್ಲ ಪ್ರಾರ್ಥನೆ, ನಾಡಗೀತೆ, ಸ್ಪರ್ಧೆಯ ಹಾಡು ಇವೆಲ್ಲ ನನ್ನ ಪಾಲಿಗೇ ಬಂದವು. ಕಲಿಸುತ್ತ ಕಲಿಸುತ್ತ, ತಪ್ಪುತ್ತ ತಪ್ಪುತ್ತ, ನಾನು ಕಂಡುಕೊಂಡದ್ದಷ್ಟನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೇಳದ ಎದುರು ನಿಂತು ಕೈಯಾಡಿಸುವ ನಾಯಕನೆಂದರೆ ಅದು ಪಾಶ್ಚಾತ್ಯರ ಪದ್ಧತಿ ಎಂದು ನಾವು ತಿಳಿದಿರುತ್ತೇವೆ. ಈಗ ಕಾಣುವ ರೂಪದಲ್ಲಿ ಅದು ಹೌದು. ಆದರೆ ಅವರಲ್ಲಿಯೂ ಅದು ಒಮ್ಮೆಗೇ ಹುಟ್ಟಿದುದಲ್ಲ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದಲ್ಲಿ ಲುಲ್ಲಿ ಎಂಬ ಪ್ರಸಿದ್ಧ ಸಂಗೀತಗಾರನಿದ್ದ. ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟಿ ಮೇಳಕ್ಕೆಲ್ಲ ತಾಳ ತೋರಿಸುವುದು ಅವನ ಕ್ರಮ. 1687ರಲ್ಲಿ ಒಂದು ಸಲ ಆ ಕೋಲು ನೆಲದ ಬದಲು ಅವನ ಕಾಲಿಗೇ ಬಿದ್ದಿತು. ಗಾಯ ಕೊಳೆತು ಅವನು ತೀರಿಕೊಂಡನು. ತಾಳವನ್ನು ಕುಟ್ಟಿ ಕೇಳಿಸುವುದಕ್ಕಿಂತ ಕೈಯಿಂದ ಕಾಣಿಸುವುದು ಲೇಸೆಂಬ ತಿಳಿವಳಿಕೆ ಬೇರೂರಲು ಮತ್ತೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ನಮ್ಮಲ್ಲಿಯೂ ಮುಂದಾಳುಗಳಿಗೆ ಕೊರತೆಯಿರಲಿಲ್ಲ. ತುಳುನಾಡಿನ ಗದ್ದೆಯನ್ನೇ ನೋಡಿ. ನೇಜಿ ನೆಡುವ ಹೆಂಗಸರ ಸಾಲಿನಲ್ಲಿ ಒಬ್ಬಾಕೆ ಪಾಡ್ದನದ ಒಂದು ಸಾಲನ್ನು ಎತ್ತುತ್ತಾಳೆ, ಉಳಿದವರು ಅದನ್ನು ಮರಳಿ ಹೇಳುತ್ತಾರೆ. ಕಬಿತದಲ್ಲಿ ‘ಓ ಬೇಲೆ’ ಎಂಬ ಪಲ್ಲವಿಯನ್ನು ಎಲ್ಲರೂ ಕೂಡಿ ಹಾಡುತ್ತಾರೆ. ಆಕೆಯ ಎರಡು ಕೈಗಳೂ ನೇಜಿಯಲ್ಲಿವೆ, ಮುಖ ಕೆಸರಿನ ಕಡೆಗಿದೆ. ಸನ್ನೆ ಮಾಡಲು ಕೈಯಿಲ್ಲ, ನೋಡಿಕೊಳ್ಳಲು ಕಣ್ಣಿಲ್ಲ. ಆದರೂ ಇಪ್ಪತ್ತು ಮಂದಿ ಒಂದೇ ಲಯದಲ್ಲಿ ಬಗ್ಗಿ, ಒಂದೇ ಲಯದಲ್ಲಿ ಸಸಿಯೂರಿ ಹಿಂದಕ್ಕೆ ಸರಿಯುತ್ತಾರೆ. ಗದ್ದೆಗಳು ಅಡಿಕೆ ತೋಟಗಳಾಗಿ, ನಾಟಿಯ ಯಂತ್ರಗಳು ಬಂದು ಈಗ ಆ ಹಾಡು ಅಪರೂಪವಾಗಿದೆ. ಆದರೆ ಮೇಳ ನಡೆಸುವ ವಿದ್ಯೆಯ ಮೊದಲ ಪಾಠ ಅಲ್ಲಿತ್ತು: ಮುಂದಾಳು ಹಾಡಬೇಕಾದುದು ತನ್ನ ಸಾಮರ್ಥ್ಯ ಎಷ್ಟೆಂದು ತೋರಿಸುವುದಕ್ಕಲ್ಲ, ಹಿಂದಿರುವವರು ಎತ್ತಿಕೊಳ್ಳಬಹುದಾದಷ್ಟನ್ನು.

ಇನ್ನೊಬ್ಬ ಮುಂದಾಳು ಯಕ್ಷಗಾನದ ಭಾಗವತರು. ರಂಗಸ್ಥಳದ ಹಿಂಬದಿಯಲ್ಲಿ, ಚೆಂಡೆ ಮದ್ದಳೆಗಳ ನಡುವೆ ಕುಳಿತು, ತೆಂಕುತಿಟ್ಟಿನವರಾದರೆ ಕೈಯಲ್ಲಿ ಜಾಗಟೆ ಹಿಡಿದು, ಹಿಮ್ಮೇಳವನ್ನೂ ಮುಮ್ಮೇಳವನ್ನೂ ಇರುಳಿಡೀ ನಡೆಸುವವರು ಅವರೇ. ಅದಕ್ಕೇ ಅವರನ್ನು ‘ಒಂದನೆಯ ವೇಷ’ ಎನ್ನುವುದು. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರನ್ನು (1938–2023) ಕೇಳಿದವರಿಗೆ ಆ ಏರುಶ್ರುತಿಯ ಕಂಠ ಮರೆಯುವಂತಹುದಲ್ಲ. ಜಾಗಟೆಯ ಒಂದು ಪೆಟ್ಟಿನಲ್ಲಿ ಕುಣಿತ ನಿಲ್ಲುತ್ತದೆ, ಇನ್ನೊಂದರಲ್ಲಿ ಯುದ್ಧ ಹೊರಡುತ್ತದೆ. ಮುಂದಾಳಿನ ಸನ್ನೆಯಲ್ಲಿ ಸಂಶಯಕ್ಕೆ ಎಡೆಯಿರಬಾರದು ಎಂಬ ಪಾಠವನ್ನು ಭಾಗವತರಿಂದ ಕಲಿಯಬೇಕು. ಆದರೆ ಅವರ ಶ್ರುತಿಯನ್ನು ಭಜನೆಯವರು ಅನುಕರಿಸಲಾಗದು. ಆ ವಿಚಾರ ಮುಂದೆ ಬರುತ್ತದೆ.

ಮೂರನೆಯದು ಇಗರ್ಜಿಗಳ ಗಾಯನ ಮಂಡಳಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರ ಕಾಲದಿಂದ ಪಾಶ್ಚಾತ್ಯ ಮಟ್ಟುಗಳಲ್ಲಿ ಕನ್ನಡ ಸ್ತೋತ್ರಗೀತೆಗಳನ್ನು ಕೂಡಿ ಹಾಡುವ ರೂಢಿ ಈ ಕರಾವಳಿಯಲ್ಲಿ ಬೆಳೆಯಿತು. ಕಥೋಲಿಕರ ಇಗರ್ಜಿಗಳಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ, ಲ್ಯಾಟಿನಿನ ಬದಲು ಕೊಂಕಣಿ ಮೊದಲಾದ ಜನರ ಮಾತುಗಳಲ್ಲಿ ಪೂಜೆ ನಡೆಯತೊಡಗಿ, ಊರೂರಿನ ಮಂಡಳಿಗಳಿಗೆ ಹೊಸ ಹಾಡುಗಳೂ ಹೊಸ ಮುಂದಾಳುಗಳೂ ಬೇಕಾದರು. ನಾಲ್ಕನೆಯದು ನಮಗೆಲ್ಲ ಸುಪರಿಚಿತವಾದ ಭಜನಾ ಮಂಡಳಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ವರ್ಷಂಪ್ರತಿ ಭಜನಾ ತರಬೇತಿ ಕಮ್ಮಟ ನಡೆಯುತ್ತ ಬಂದಿದೆ. ಭಜನೆ ಹೇಳುವುದಕ್ಕೂ ತರಬೇತಿ ಬೇಕೇ ಎಂದು ಕೇಳುವವರಿದ್ದಾರೆ. ಭಕ್ತಿಗೆ ಬೇಡ, ಹತ್ತು ಜನ ಕೂಡಿ ಹೇಳುವುದಕ್ಕೆ ಖಂಡಿತವಾಗಿ ಬೇಕು.

ಹಾಗಾದರೆ ಒಳ್ಳೆಯ ಮೇಳವೆಂದರೆ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಹದಿಮೂರನೆಯ ಶತಮಾನದಲ್ಲಿಯೇ ನಮ್ಮವರೊಬ್ಬರು ಬರೆದಿಟ್ಟಿದ್ದಾರೆ. ದೇವಗಿರಿಯ ಯಾದವ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ‘ವೃಂದ’ ಎಂದು ಮೇಳವನ್ನು ಕರೆದು ಅದರ ಲೆಕ್ಕವನ್ನೂ ಕೊಟ್ಟಿದ್ದಾನೆ: ಉತ್ತಮ ವೃಂದದಲ್ಲಿ 4 ಮಂದಿ ಮುಖ್ಯ ಗಾಯಕರು, 8 ಮಂದಿ ಸಹಗಾಯಕರು, 12 ಮಂದಿ ಗಾಯಕಿಯರು, 4 ಕೊಳಲು, 4 ಮದ್ದಳೆ. ಈ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ಹದಿನೈದನೆಯ ಶತಮಾನದಲ್ಲಿ ಬರೆದ ಕಲ್ಲಿನಾಥನು ವಿಜಯನಗರದವನು. ಲೆಕ್ಕಕ್ಕಿಂತ ಮಿಗಿಲಾದುದು ಶಾರ್ಙ್ಗದೇವನು ವೃಂದಕ್ಕೆ ಹೇಳಿದ ಆರು ಗುಣಗಳು. ಮುಖ್ಯನನ್ನು ಅನುಸರಿಸುವುದು, ಒಂದಾಗಿ ಬೆರೆಯುವುದು, ತಾಳಲಯಗಳೊಡನೆ ನಡೆಯುವುದು, ಒಬ್ಬನ ದನಿ ಕಡಿದಲ್ಲಿ ಇನ್ನೊಬ್ಬನು ತುಂಬುವುದು, ಮಂದ್ರ ಮಧ್ಯ ತಾರಗಳೆಂಬ ಮೂರು ಸ್ಥಾಯಿಗಳನ್ನೂ ವ್ಯಾಪಿಸುವ ಶಕ್ತಿ, ಶಬ್ದದ ಸಾದೃಶ್ಯ, ಅಂದರೆ ಎಲ್ಲರ ದನಿಯೂ ಒಂದೇ ಬಗೆಯಾಗಿ ಕೇಳಿಸುವುದು. ಏಳು ನೂರು ವರ್ಷಗಳಿಗೂ ಹಿಂದಿನ ಈ ಪಟ್ಟಿಯನ್ನು ಇಂದು ಯಾವ ಭಜನಾಮಂದಿರದ ಗೋಡೆಗೂ ಅಂಟಿಸಬಹುದು. ಇವುಗಳಲ್ಲಿ ನಾಲ್ಕನೆಯದನ್ನು ನಾನು ಕೊನೆಗೆ ಉಳಿಸಿಕೊಳ್ಳುತ್ತೇನೆ. ನಾನು ಅದನ್ನು ಕಲಿತದ್ದೂ ಎಲ್ಲಕ್ಕಿಂತ ಕೊನೆಗೇ.

ಮುಖ್ಯನನ್ನು ಅನುಸರಿಸುವುದೆಂದರೆ ಅವನ ಹಿಂದೆ ಓಡುವುದಲ್ಲ. ಮುಂದಾಳು ಹಾಡತೊಡಗಿದ ಮೇಲೆ ಉಳಿದವರು ಸೇರಿಕೊಂಡರೆ ಮೊದಲ ಅಕ್ಷರ ಯಾವಾಗಲೂ ಒಬ್ಬನದೇ ಆಗುತ್ತದೆ. ಎಲ್ಲರೂ ಕೂಡಿ ಹೊರಡಬೇಕಾದರೆ ಹಾಡಿಗೆ ಮೊದಲೇ ಒಂದು ಸನ್ನೆ ಬೇಕು, ಆ ಸನ್ನೆ ಉಸಿರಿನದು. ಮುಂದಾಳು ಕೈಯನ್ನು ಎದೆಯ ಮಟ್ಟದಿಂದ ತುಸು ಮೇಲಕ್ಕೆತ್ತುತ್ತಾನೆ, ಎತ್ತುವಾಗಲೇ ಉಸಿರೆಳೆಯುತ್ತಾನೆ. ಅವನನ್ನು ನೋಡುತ್ತಿರುವವರೂ ತಿಳಿಯದೆಯೇ ಉಸಿರೆಳೆಯುತ್ತಾರೆ. ಕೈ ಕೆಳಗಿಳಿದಲ್ಲಿ ಹಾಡು ಹುಟ್ಟುತ್ತದೆ. ಈ ಕೈಯೆತ್ತಿಗೆ ಹಿಡಿಯುವ ಹೊತ್ತು ಹಾಡಿನ ಒಂದು ಅಕ್ಷರಕಾಲದಷ್ಟೇ ಇರಬೇಕು. ಆಗ ವೇಗವೂ ಅದರಿಂದಲೇ ತಿಳಿಯುತ್ತದೆ. ಅವಸರದಲ್ಲಿ ಕೈಯೆತ್ತಿ ಸಾವಧಾನದ ಹಾಡು ಬೇಕೆಂದರೆ ಸಿಕ್ಕುವುದಿಲ್ಲ.

ತಾಳದ ವಿಚಾರವೂ ಇದಕ್ಕೆ ಹೊಂದಿಕೊಂಡದ್ದು. ನಮ್ಮ ಸಂಗೀತಗಾರರು ತಾಳವನ್ನು ತೊಡೆಯ ಮೇಲೆ ಹಾಕುತ್ತಾರೆ: ಆದಿತಾಳವಾದರೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಪೆಟ್ಟು ಮತ್ತು ಬೀಸು, ಒಟ್ಟು 8 ಅಕ್ಷರ. ಅದು ತನಗೆ ತಾನೇ ಹಾಕಿಕೊಳ್ಳುವ ತಾಳ. ಮೇಳಕ್ಕೆ ತೋರಿಸುವಾಗ ಅದೇ ತಾಳ ಎದೆಯ ಮಟ್ಟಕ್ಕೆ ಬರಬೇಕು, ಮೊದಲ ಪೆಟ್ಟು ಉಳಿದವುಗಳಿಗಿಂತ ಸ್ಪಷ್ಟವಾಗಿ ಕೆಳಗಿಳಿಯಬೇಕು. ತಾಳ ಬಿದ್ದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಗ್ರಹದ ರಚನೆಗಳಲ್ಲಿ ಹೊಸಬರು ಬೀಳುವುದು ಇಲ್ಲಿಯೇ. ಅಲ್ಲಿ ತಾಳದ ಪೆಟ್ಟನ್ನು ಮುಷ್ಟಿಯಿಂದಲೂ ಹಾಡಿನ ಎತ್ತುಗಡೆಯನ್ನು ತೆರೆದ ಅಂಗೈಯಿಂದಲೂ ತೋರಿಸಿ ನಾನು ಮಕ್ಕಳನ್ನು ದಾಟಿಸಿದ್ದುಂಟು. ಬಲಗೈ ಕಾಲವನ್ನು ಅಳೆಯಲಿ. ಎಡಗೈ ‘ತಗ್ಗಿಸಿ’, ‘ಏರಿಸಿ’, ‘ಹಿಡಿದಿರಿ’ ಎಂದು ಹೇಳಲಿ. ಎರಡು ಕೈಯೂ ಒಂದೇ ಕೆಲಸ ಮಾಡಿದರೆ ಒಂದು ಕೈ ವ್ಯರ್ಥ.

ಮೇಳ ದೊಡ್ಡದಾದಂತೆ ಕಿವಿಗಿಂತ ಕಣ್ಣು ಮುಖ್ಯವಾಗುತ್ತದೆ. ಇದಕ್ಕೆ ಲೆಕ್ಕವುಂಟು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಶಾಲೆಯ ಮೈದಾನದಲ್ಲಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ 34 ಮೀಟರು ಅಂತರವಿದ್ದರೆ, ಮುಂದಿನವರ ದನಿ ಹಿಂದಿನವರನ್ನು ಮುಟ್ಟುವಾಗ ಸೆಕೆಂಡಿನ ಹತ್ತನೆಯ ಒಂದು ಪಾಲು ಕಳೆದಿರುತ್ತದೆ. ಅವರು ಅದನ್ನು ಕೇಳಿಕೊಂಡು ಹಾಡಿದ್ದು ಮುಂದಕ್ಕೆ ಮರಳುವಾಗ ಇನ್ನೊಂದು ಪಾಲು. ಮುಂದಿನವರು ಅದಕ್ಕಾಗಿ ಕಾಯುತ್ತಾರೆ, ಹಾಡು ಎಳೆಯತೊಡಗುತ್ತದೆ. ಪ್ರಾರ್ಥನೆಯ ಹಾಡು ದಿನದಿನಕ್ಕೆ ಜಡವಾಗುವುದಕ್ಕೆ ಮಕ್ಕಳ ಸೋಮಾರಿತನ ಕಾರಣವೆಂದು ನಾವು ಗದರುತ್ತೇವೆ. ಅರ್ಧ ಕಾರಣ ಗಾಳಿಯದು. ಬೆಳಕಿಗೆ ಈ ತಡವಿಲ್ಲ. ಕೈಯನ್ನು ನೋಡಿ ಹಾಡಿದರೆ ಹಿಂದಿನ ಸಾಲೂ ಮುಂದಿನ ಸಾಲೂ ಒಟ್ಟಿಗಿರುತ್ತವೆ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಮಟ್ಟಿನಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರಕಾರ ಆಜ್ಞೆ ಮಾಡಿದ್ದು 2022ರಲ್ಲಿ. ಅದೇ ವರ್ಷದ ಅಕ್ಟೋಬರ್ 28ರಂದು ‘ಕೋಟಿ ಕಂಠ ಗಾಯನ’ವೆಂದು ನಾಡಿನಾದ್ಯಂತ ಕನ್ನಡ ಗೀತೆಗಳನ್ನು ಏಕಕಾಲದಲ್ಲಿ ಹಾಡಲಾಯಿತು. ಮಟ್ಟೂ ಕಾಲವೂ ಗೊತ್ತಾಗಿದ್ದರೆ ಕೆಲಸ ಅರ್ಧ ಮುಗಿಯಿತು. ಉಳಿದರ್ಧ ಆಯಾ ಮೈದಾನದಲ್ಲಿ ನಿಂತ ಒಂದು ಕೈಯದು.

ಇನ್ನು ಶಬ್ದಸಾದೃಶ್ಯ. ಕನ್ನಡ ಪಂಡಿತನಿಗೆ ಸ್ವಲ್ಪ ಅಧಿಕಾರವಿರುವ ಜಾಗ ಇದು. ಹಾಡಿನಲ್ಲಿ ದೀರ್ಘವಾಗಿ ನಿಲ್ಲುವುದು ಸ್ವರಾಕ್ಷರ, ವ್ಯಂಜನವಲ್ಲ. ಹನ್ನೆರಡು ಮಂದಿ ಒಂದೇ ಶ್ರುತಿಯಲ್ಲಿದ್ದರೂ, ಆರು ಮಂದಿಯ ತುಟಿ ಒಂದು ಬಗೆಯಾಗಿಯೂ ಉಳಿದ ಆರು ಮಂದಿಯದು ಇನ್ನೊಂದು ಬಗೆಯಾಗಿಯೂ ಇದ್ದರೆ ಎರಡು ಮೇಳಗಳು ಹಾಡಿದಂತೆ ಕೇಳುತ್ತದೆ. ನಮ್ಮ ಸೀಮೆಯ ಮಕ್ಕಳಲ್ಲಿ ಬಹುಮಂದಿಗೆ ಮನೆಮಾತು ತುಳು. ತುಳುವಿನಲ್ಲಿ ಪದಾಂತದ ಉಕಾರಕ್ಕೆ ತುಟಿ ದುಂಡಾಗದ ಒಂದು ರೂಪವಿದೆ. ಅದು ಆ ಭಾಷೆಯ ಸೊಗಸು. ಆದರೆ ಕನ್ನಡ ಹಾಡಿನ ಸಾಲು ಉಕಾರದಲ್ಲಿ ಮುಗಿದು ಅಲ್ಲಿ ನಾಲ್ಕು ಅಕ್ಷರಕಾಲ ನಿಲ್ಲಬೇಕಾದಾಗ, ತುಳು ಮನೆಯ ಮಕ್ಕಳ ತುಟಿ ಅರ್ಧ ತೆರೆದಿರುತ್ತದೆ, ಉಳಿದವರದು ದುಂಡಾಗಿರುತ್ತದೆ. ಕೇಳುವವರು ‘ಶ್ರುತಿ ತಪ್ಪಿತು’ ಎನ್ನುತ್ತಾರೆ. ತಪ್ಪಿದ್ದು ಶ್ರುತಿಯಲ್ಲ, ತುಟಿ. ಮಹಾಪ್ರಾಣಗಳ ಕತೆಯೂ ಹೀಗೆಯೇ. ಅರ್ಧ ಮೇಳ ‘ಭಾರತ’ ಎಂದೂ ಅರ್ಧ ಮೇಳ ‘ಬಾರತ’ ಎಂದೂ ಹಾಡಿದರೆ ಮಾತು ಮಸುಕಾಗುತ್ತದೆ. ಆದ್ದರಿಂದ ಹಾಡು ಕಲಿಸುವ ಮೊದಲ ದಿನ ನಾನು ಮಟ್ಟನ್ನು ಹೇಳುವುದೇ ಇಲ್ಲ. ಸಾಹಿತ್ಯವನ್ನು ಗದ್ಯದಂತೆ ಓದಿಸುತ್ತೇನೆ, ಅರ್ಥ ಹೇಳುತ್ತೇನೆ. ಎರಡನೆಯ ದಿನ ತಾಳಕ್ಕೆ ಓದಿಸುತ್ತೇನೆ. ಮೂರನೆಯ ದಿನ ಮಟ್ಟು.

ಉಸಿರಿನ ಜಾಗಗಳನ್ನೂ ಆಗಲೇ ಗೊತ್ತುಮಾಡಬೇಕು. ‘ಕೈಬಿಡದಿರು’ ಎಂಬ ಮಾತಿದೆಯೆನ್ನಿ. ‘ಕೈಬಿಡ’ ಎಂದು ನಿಲ್ಲಿಸಿ, ಉಸಿರೆಳೆದು, ‘ದಿರು’ ಎಂದು ಮುಂದುವರಿಸಿದರೆ ದೇವರಿಗೂ ಗೊಂದಲವಾದೀತು. ಮೂಡುಬಿದಿರೆಯ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ವನ್ನು ಹಾಡುಗಬ್ಬವಾದ ಸಾಂಗತ್ಯದಲ್ಲಿ ಬರೆದನಷ್ಟೆ. ಹಾಡಲೆಂದೇ ಕಟ್ಟಿದ ಅಂತಹ ಛಂದಸ್ಸಿನಲ್ಲಿ ಕವಿಯೇ ಉಸಿರಿಗೆ ಎಡೆಮಾಡಿಕೊಟ್ಟಿರುತ್ತಾನೆ. ಅದನ್ನು ಕಂಡುಹಿಡಿದು ಹಾಳೆಯ ಮೇಲೆ ಗೆರೆ ಹಾಕಿಸುವುದು ಮುಂದಾಳಿನ ಕರ್ತವ್ಯ.

ಬೆರೆಯುವುದನ್ನು ಕಲಿಸಲು ಒಂದೇ ದಾರಿ: ಸಣ್ಣ ದನಿಯಲ್ಲಿ ಹಾಡಿಸುವುದು. ಪಕ್ಕದವನ ದನಿ ತನಗೆ ಕೇಳುವಷ್ಟು ತಗ್ಗಿಸಿ ಹಾಡಬೇಕು. ತನ್ನ ದನಿಯೊಂದೇ ತನಗೆ ಕೇಳಿಸುತ್ತಿದ್ದರೆ ತಾನು ಹೆಚ್ಚು ಹಾಡುತ್ತಿದ್ದೇನೆ ಎಂದು ತಿಳಿಯಬೇಕು. ಸಾಲಿನಲ್ಲಿ ನಿಲ್ಲಿಸುವ ಬದಲು ಅರ್ಧಚಂದ್ರಾಕಾರವಾಗಿ ನಿಲ್ಲಿಸಿದರೆ ಒಬ್ಬರನ್ನೊಬ್ಬರು ಕೇಳುವುದು ಸುಲಭ. ಗಟ್ಟಿ ಕಂಠದವರು ಹಿಂದೆ ಇರಲಿ. ದುರ್ಬಲ ಕಂಠದವರನ್ನು ಅಂಚಿಗೆ ತಳ್ಳಬೇಡಿ, ಇಬ್ಬರು ಸ್ಥಿರಕಂಠದವರ ನಡುವೆ ನಿಲ್ಲಿಸಿ. ಭಜನಾಮಂದಿರಗಳಲ್ಲಿ ಈ ಗುಣಕ್ಕೆ ಇಂದು ದೊಡ್ಡ ಶತ್ರು ಮೈಕು. ಒಬ್ಬರ ಬಾಯಿಯೆದುರು ಅದನ್ನಿಟ್ಟು ಹೊರಗಿನ ಕಂಬಕ್ಕೆ ಧ್ವನಿವರ್ಧಕ ಕಟ್ಟಿದರೆ, ಊರಿಗೆಲ್ಲ ಒಬ್ಬರ ಭಜನೆ ಕೇಳುತ್ತದೆ. ಒಳಗೆ ಕುಳಿತ ಇಪ್ಪತ್ತು ಮಂದಿಯ ದನಿ ಅವರಿಗೇ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಹಿನ್ನೆಲೆ ವಾದ್ಯವನ್ನು ಹಾಕಿಕೊಂಡು ಹಾಡಿಸುವ ಪದ್ಧತಿಯೂ ಶಾಲೆಗಳಿಗೆ ಬಂದಿದೆ. ಅನುಕೂಲವೇನೋ ಹೌದು. ಆದರೆ ಯಂತ್ರ ಯಾರಿಗಾಗಿಯೂ ಕಾಯುವುದಿಲ್ಲ. ಮಗುವೊಂದು ಉಸಿರು ಕಟ್ಟಿ ತಡವರಿಸಿದಾಗ ಕಾಯಬಲ್ಲುದು ಮನುಷ್ಯನ ಕೈ ಮಾತ್ರ.

ಮೂರು ಸ್ಥಾಯಿಗಳ ವಿಚಾರದಲ್ಲಿ ಮುಂದಾಳುಗಳು ಮಾಡುವ ತಪ್ಪು ಹೆಚ್ಚಾಗಿ ಒಂದೇ: ತಮಗೆ ಒಗ್ಗುವ ಶ್ರುತಿಯನ್ನು ಎಲ್ಲರಿಗೂ ಹಿಡಿಸುವುದು. ಕರ್ಣಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ ಮನೆಯ ಶ್ರುತಿಯಲ್ಲಿಯೂ ಹೆಂಗಸರು ಐದು, ಐದೂವರೆ ಮನೆಯಲ್ಲಿಯೂ ಹಾಡುತ್ತಾರೆ. ಭಾಗವತಿಕೆ ಕೇಳಿ ಬೆಳೆದ ನಮ್ಮ ಭಜನೆಯ ಮುಂದಾಳು ಹುರುಪಿನಿಂದ ಶ್ರುತಿಯೇರಿಸುತ್ತಾನೆ. ಅವನಿಗೆ ಸಾಧನೆಯಿದೆ, ಏರುತ್ತಾನೆ. ಹಿಂದಿನವರು ಚರಣದಲ್ಲಿ ಕಿರಿಚುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಶ್ರುತಿಯನ್ನು ಗೊತ್ತುಮಾಡುವ ಕ್ರಮ ಹೀಗೆ: ಹಾಡಿನ ಅತಿ ಎತ್ತರದ ಸ್ವರ ಯಾವುದು, ಅತಿ ತಗ್ಗಿನ ಸ್ವರ ಯಾವುದು ಎಂದು ಮೊದಲು ನೋಡಬೇಕು, ಮೇಳದ ಸಾಧಾರಣ ಕಂಠವೊಂದು ಆ ಎರಡನ್ನೂ ಕಷ್ಟವಿಲ್ಲದೆ ಮುಟ್ಟುವಲ್ಲಿ ಷಡ್ಜವನ್ನಿಡಬೇಕು. ಅದು ಮುಂದಾಳಿಗೆ ಹಿತವಾಗದಿದ್ದರೆ ಚಿಂತೆಯಿಲ್ಲ. ಅವನು ಹೇಗೂ ಹಾಡಬೇಕಾಗಿಲ್ಲವಷ್ಟೆ.

ಪಾಶ್ಚಾತ್ಯರು ಇದಕ್ಕೆ ಇನ್ನೊಂದು ಉಪಾಯ ಕಂಡುಕೊಂಡರು. ಹೆಂಗಸರ ಎತ್ತರದ ಮತ್ತು ತಗ್ಗಿನ ದನಿಗಳಿಗೆ ಸೊಪ್ರಾನೊ, ಆಲ್ಟೊ ಎಂದೂ, ಗಂಡಸರವುಗಳಿಗೆ ಟೆನರ್, ಬೇಸ್ ಎಂದೂ ಹೆಸರಿಟ್ಟು, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವರಪಂಕ್ತಿಯನ್ನು ಬರೆದರು. ನಾಲ್ಕೂ ಕೂಡಿದಾಗ ಹಾಡು ಒಂದೇ. ನಮ್ಮ ದೇಶದಲ್ಲಿ ಭಾರತೀಯ ಭಾಷೆಗಳ ಹಾಡುಗಳನ್ನು ಇಂತಹ ಮೇಳಕ್ಕೆ ಅಳವಡಿಸಿದವರಲ್ಲಿ 1958ರಲ್ಲಿ ಹುಟ್ಟಿದ ಕಲಕತ್ತೆಯ ಯೂತ್ ಕ್ವಾಯರ್ ಮತ್ತು ಎಂ. ಬಿ. ಶ್ರೀನಿವಾಸನ್ ಅವರು ಕಟ್ಟಿದ ಮದರಾಸಿನ ಯೂತ್ ಕ್ವಾಯರ್ ಹೆಸರಾದವು.

ಈಗ ಉಳಿದದ್ದು ನಾಲ್ಕನೆಯ ಗುಣ: ಒಬ್ಬನ ದನಿ ಕಡಿದಲ್ಲಿ ಇನ್ನೊಬ್ಬನು ತುಂಬುವುದು. ಇದರ ಸರಳ ಪ್ರಯೋಗ ಉಸಿರಿನಲ್ಲಿಯೇ ಇದೆ. ಹದಿನಾರು ಅಕ್ಷರಕಾಲ ಒಂದೇ ಸ್ವರವನ್ನು ಒಬ್ಬನು ಹಿಡಿಯಲಾರ, ಮೇಳ ಹಿಡಿಯಬಲ್ಲುದು. ಒಬ್ಬ ಉಸಿರೆಳೆಯುವಾಗ ಪಕ್ಕದವನು ಹಾಡುತ್ತಿರುತ್ತಾನೆ. ಅವನು ನಿಲ್ಲಿಸುವಷ್ಟರಲ್ಲಿ ಇವನು ಸದ್ದಿಲ್ಲದೆ ಮರಳಿ ಸೇರುತ್ತಾನೆ. ಕೇಳುವವರಿಗೆ ಎಲ್ಲಿಯೂ ಕಡಿತವಿಲ್ಲ. 2008ರ ಜನವರಿ 26 ಮತ್ತು 27ರಂದು ಮಂಗಳೂರಿನಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರಲ್ಲ, ಅದರ ಗುಟ್ಟೂ ತಂಡದಿಂದ ತಂಡಕ್ಕೆ ಹಾಡು ಕೈಬದಲಾದ ಈ ಸರದಿಯೇ. ಮೇಳವೆಂಬುದರ ಅರ್ಥವೇ ಇದು: ಒಬ್ಬನಿಂದಾಗದುದು ಇಲ್ಲಿ ಆಗುತ್ತದೆ, ಒಬ್ಬನ ಕುಂದು ಇಲ್ಲಿ ಕಾಣಿಸುವುದಿಲ್ಲ.

ಪುಸ್ತಕದಲ್ಲಿ ಇದನ್ನು ಓದಿದ್ದೆ. ಎದುರಿಗೆ ಬಂದಾಗ ಗುರುತು ಹಿಡಿಯಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಮಾತು. ಸಮೂಹಗಾನ ಸ್ಪರ್ಧೆಗೆ ಹನ್ನೆರಡು ಮಕ್ಕಳನ್ನು ಸಿದ್ಧಗೊಳಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಹಿಂದಿನ ವರ್ಷ ಚೆನ್ನಾಗಿ ಹಾಡಿದ್ದವನು, ಆ ವರ್ಷ ಪ್ರತಿ ಸಾಲಿನಲ್ಲಿಯೂ ಒಡೆದ ದನಿಯಿಂದ ಎಡವುತ್ತಿದ್ದ. ಅವನನ್ನು ಕೈಬಿಟ್ಟರೆ ಸಂಖ್ಯೆ ಕಡಮೆಯಾಗುತ್ತಿತ್ತು. ಸ್ಪರ್ಧೆಯ ಮುನ್ನಾದಿನ ಅವನನ್ನು ಬದಿಗೆ ಕರೆದು, “ನೀನು ಬಾಯಿ ಮಾತ್ರ ಆಡಿಸು, ಸ್ವರ ಹೊರಡಿಸಬೇಡ” ಎಂದೆ. ಅವನು ಹಾಗೆಯೇ ಮಾಡಿದ. ನಮಗೆ ಎರಡನೆಯ ಬಹುಮಾನ ಬಂತು. ಚಿತ್ರ ತೆಗೆಸಿಕೊಳ್ಳುವಾಗ ಅವನೂ ನಿಂತಿದ್ದ.

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ಕಡೆಯ ಒಂದು ಭಜನಾಮಂದಿರದ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಕಂಬಕ್ಕೊರಗಿ ಕುಳಿತ ಒಬ್ಬ ಗೃಹಸ್ಥ ಚಪ್ಪಾಳೆ ತಟ್ಟುತ್ತಿದ್ದ, ಬಾಯಿ ಮುಚ್ಚಿತ್ತು. ಮಡಿಲಲ್ಲಿ ಪುಟ್ಟ ಮಗಳು. ನನ್ನನ್ನು ಕಂಡು ಎದ್ದು ನಮಸ್ಕರಿಸಿದಾಗ ಗುರುತಾಯಿತು. “ನೀನು ಭಜನೆ ಹೇಳುವುದಿಲ್ಲವೋ?” ಎಂದು ಕೇಳಿದೆ. ಅವನು ನಕ್ಕು ತುಳುವಿನಲ್ಲಿ ಹೇಳಿದ: “ನೀವೇ ಹೇಳಿದ್ದಲ್ವಾ ಮಾಷ್ಟ್ರೇ, ಬಾಯಿ ಮಾತ್ರ ಆಡಿಸು ಅಂತ. ಆಮೇಲೆ ಹಾಡ್ಲಿಲ್ಲ.” ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಹುಡುಗನಿಗೆ ಆಗಿದ್ದದ್ದೇನು? ಹನ್ನೆರಡರಿಂದ ಹದಿನೈದು ವರ್ಷಗಳ ಪ್ರಾಯದಲ್ಲಿ ಗಂಡುಮಕ್ಕಳ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಹೆಚ್ಚುಕಡಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೊಸ ಧ್ವನಿಪೆಟ್ಟಿಗೆ ಹಿಡಿತಕ್ಕೆ ಬರುವವರೆಗೆ ದನಿ ಒಡೆಯುತ್ತದೆ. ಇದು ಕೆಲವು ತಿಂಗಳ, ಹೆಚ್ಚೆಂದರೆ ಒಂದೆರಡು ವರ್ಷದ ಮಾತು. ಅವನಿಗೆ ಅದೇ ಹಾಡನ್ನು ತಗ್ಗು ಸ್ಥಾಯಿಯಲ್ಲಿ ಹಾಡು ಎನ್ನಬಹುದಿತ್ತು; ಎತ್ತರದ ಸಾಲುಗಳನ್ನು ಬಿಟ್ಟು ಪಲ್ಲವಿಗೆ ಸೇರಿಕೋ ಎನ್ನಬಹುದಿತ್ತು; ಆಧಾರ ಷಡ್ಜವನ್ನು ಮೆಲ್ಲನೆ ಹಿಡಿದಿರಲು ಹೇಳಬಹುದಿತ್ತು. ತುಂಬಿಕೊಡಲು ಉಳಿದ ಹನ್ನೊಂದು ಕಂಠಗಳಿದ್ದವಲ್ಲ! ಶಾರ್ಙ್ಗದೇವನು ಹೇಳಿದ್ದು ಅದನ್ನೇ. ನಾನು ಅವನ ಕುಂದನ್ನು ಮೇಳದಿಂದ ತುಂಬಿಸುವ ಬದಲು, ಮೇಳದ ಕುಂದನ್ನು ಅವನ ಮೌನದಿಂದ ತುಂಬಿಸಿದೆ.

ಅಂದಿನಿಂದ ಯಾವ ಮಗುವಿಗೂ ಸುಮ್ಮನಿರೆಂದು ನಾನು ಹೇಳಿಲ್ಲ. ಬಹುಮಾನಗಳು ಕಡಮೆಯಾಗಿವೆ, ಮುಚ್ಚಿಡುವುದೇಕೆ. ಆದರೆ ಅಭ್ಯಾಸದ ಕೊನೆಯ ದಿನ ಒಂದು ಪರೀಕ್ಷೆ ಮಾಡುತ್ತೇನೆ. ಹಾಡಿನ ನಡುವೆ ಕೈಯನ್ನು ಇಳಿಸಿ ಸುಮ್ಮನೆ ಬಾಗಿಲ ಬಳಿಗೆ ಹೋಗಿ ನಿಲ್ಲುತ್ತೇನೆ. ಹಾಡು ನಿಂತರೆ ನನ್ನ ಕೆಲಸ ಇನ್ನೂ ಬಾಕಿಯಿದೆ. ಮಕ್ಕಳು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತ ಕೊನೆಯ ಸಾಲಿನವರೆಗೆ ಹೋದರೆ ಮುಂದಾಳು ತನ್ನ ಕೆಲಸ ಮಾಡಿದ್ದಾನೆಂದು ಅರ್ಥ.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಮಗು ಶಾಲೆಯಿಂದ ಬಂದು “ನನಗೆ ಸ್ವರ ಇಲ್ಲವಂತೆ” ಎಂದರೆ ಆ ಮಾತನ್ನು ಅಲ್ಲಿಗೇ ಬಿಡಬೇಡಿ. ರೇಡಿಯೋದಲ್ಲಿ ಸಮೂಹಗಾನ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, ನೀವು ಸಣ್ಣ ದನಿಯಲ್ಲಿ ಹಾಡಿ, ಅದನ್ನೂ ಹಾಡಗೊಡಿ. ಮನೆಯೂ ಒಂದು ಮೇಳವೇ.

ಆ ರಾತ್ರಿ ಮಂಗಳ ಹಾಡುವ ಹೊತ್ತಿಗೆ ನಾನು ಎದ್ದು ಆ ಕಂಬದ ಬಳಿ ಅವನ ಪಕ್ಕದಲ್ಲಿ ಕುಳಿತೆ. ತಗ್ಗು ಸ್ಥಾಯಿಯಲ್ಲಿ, ಅವನಿಗೆ ಮಾತ್ರ ಕೇಳುವಷ್ಟು, ನಾನೂ ಹೇಳತೊಡಗಿದೆ. ಮಗಳು ತಂದೆಯ ಮುಖ ನೋಡುತ್ತಿದ್ದಳು. ಅವನ ತುಟಿ ಆಡುತ್ತಿತ್ತು. ದನಿಯೂ ಹೊರಟಿತೋ ಇಲ್ಲವೋ, ತಾಳ ಜಾಗಟೆಗಳ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.